ಮಾಳಿಂಗಪ್ಪನ ಬಲಗಾಲು

ಆಳಂದದ ಗುರಣ್ಣ ಸಾವಕಾರರ ಅಂಬಾಸಿಡರ್ ಗಾಡಿಯನ್ನು ಮಾಳಿಂಗಪ್ಪ ಬರಿಗಾಲಲ್ಲಿ ನಡೆಸುತ್ತಿದ್ದ. ಚಪ್ಪಲಿಗಳನ್ನು ಸೀಟಿನ ಕೆಳಗೆ ತಳ್ಳಿ, ಬಲಗಾಲಿನ ಅಂಗಾಲನ್ನು ಧೋತರದ ಚುಂಗಿನಿಂದ ಒಮ್ಮೆ ಒರೆಸಿಕೊಂಡು, ಆಮೇಲೆ ಕೀಲಿ ತಿರುಗಿಸುವುದು ಅವನ ಕ್ರಮ. ಇದಕ್ಕೆ ಭಕ್ತಿಯೇ ಕಾರಣವೆಂದು ಸಾವಕಾರರ ಮನೆಯವರು ತಿಳಿದಿದ್ದರು. ಭಕ್ತಿಯೇನೂ ಅಲ್ಲ. ನಡುವೆ ಚಪ್ಪಲಿ ಇದ್ದರೆ ಬ್ರೇಕು ಏನು ಹೇಳುತ್ತಿದೆಯೆಂದು ಕಾಲಿಗೆ ಕೇಳಿಸುವುದಿಲ್ಲ ಎಂದು ಅವನು ಹೆಂಡತಿ ನಿಂಬೆವ್ವನಿಗೆ ಹೇಳಿದ್ದ. ಮನೆಯೊಳಗೂ ನೀವು ಬರಿಗಾಲಲ್ಲೇ ಇರುತ್ತೀರಿ, ನಾನು ಹೇಳಿದ್ದೊಂದೂ ಕೇಳಿಸುವುದಿಲ್ಲವಲ್ಲ ಎಂದು ನಿಂಬೆವ್ವ ಕೇಳಿದ್ದಳು. ಅದು ಕಿವಿಯ ಕೆಲಸ ಎಂದು ಅವನು ಉತ್ತರ ಕೊಟ್ಟಿದ್ದ.

ಹುಟ್ಟಿದ್ದು ಅಫಜಲಪುರ ತಾಲೂಕಿನ ಅತನೂರಿನ ಕುರಿಗಾರರ ಮನೆಯಲ್ಲಿ. ಲಾರಿ ಓಡುವುದನ್ನು ಕಂಡು ಬೆರಗಾದ ಹುಡುಗರು ಆ ಊರಲ್ಲಿ ಬೇಕಾದಷ್ಟು ಇದ್ದರು. ಮಾಳಿಂಗಪ್ಪ ಬೆರಗಾದದ್ದು ಲಾರಿ ನಿಂತದ್ದನ್ನು ಕಂಡು. ಅಷ್ಟು ದೊಡ್ಡದು, ಜೋಳದ ಚೀಲ ಹೊತ್ತದ್ದು, ಒಬ್ಬ ಮನುಷ್ಯನ ಪಾದಕ್ಕೆ ಹೆದರಿ ಕುರಿಹಿಂಡಿನ ಮುಂದೆ ತಲೆ ಬಗ್ಗಿಸಿ ನಿಂತುಬಿಟ್ಟಿತ್ತು. ಕ್ಲೀನರಾಗಿ ಸೇರಿದ, ಲಾರಿ ಕಲಿತ, ಮದುವೆಯಾದ. ಎಪ್ಪತ್ತೊಂದು ಎಪ್ಪತ್ತೆರಡರ ಸುಮಾರಿಗೆ ಆಳಂದಕ್ಕೆ ಬಂದು ಸಾವಕಾರರ ಮನೆ ಸೇರಿದವನು ಮತ್ತೆ ಬೇರೆ ಚಕ್ರ ಹಿಡಿಯಲಿಲ್ಲ. ಸಾವಕಾರರು ಕುಸುಬಿ ಎಣ್ಣೆಯ ಗಾಣದ ಮಾಲಕರು. ತೊಗರಿ ವ್ಯಾಪಾರವೂ ಇತ್ತು. ಗಾಡಿ ಬದಲಾಯಿತು, ಸಾವಕಾರರ ತಲೆಯ ಕೂದಲು ಕಡಿಮೆಯಾಯಿತು, ಮಾಳಿಂಗಪ್ಪ ಇದ್ದ.

ಆ ಮನೆಯವರು ಅಮಾವಾಸ್ಯೆಯ ದಿನ ಪ್ರಯಾಣ ಮಾಡುತ್ತಿರಲಿಲ್ಲ. ಆದ್ದರಿಂದ ಅಮಾವಾಸ್ಯೆಯೇ ಬ್ರೇಕಿನ ದಿನ. ಅಂದು ಬೆಳಿಗ್ಗೆ ಮಾಳಿಂಗಪ್ಪ ಗಾಲಿಗಳನ್ನು ಬಿಚ್ಚಿ, ಡ್ರಮ್ಮಿನೊಳಗಿನ ಕರಿ ಧೂಳನ್ನು ಹಸಿ ಬಟ್ಟೆಯಿಂದ ತೆಗೆದು, ಲೈನರು ಎಷ್ಟು ಸವೆದಿದೆಯೆಂದು ಉಗುರಿನಿಂದ ನೋಡುತ್ತಿದ್ದ. ಗಾಲಿಯ ಹತ್ತಿರ ಎಲ್ಲಾದರೂ ಒದ್ದೆ ಇದೆಯೇ ಎಂದು ಬೆರಳಾಡಿಸುತ್ತಿದ್ದ. ಕೊನೆಗೆ ಬಾನೆಟ್ ಎತ್ತಿ, ಡ್ರೈವರನ ಬದಿಗಿದ್ದ ಸಣ್ಣ ಡಬ್ಬಿಯ ಮುಚ್ಚಳ ತೆಗೆದು, ಬ್ರೇಕ್ ಆಯಿಲ್ ಇಳಿದಿದ್ದರೆ ತೊಟ್ಟು ತೊಟ್ಟಾಗಿ ಹಾಕುತ್ತಿದ್ದ. ಗಾಡಿ ನಿಲ್ಲುತ್ತಿದ್ದುದು ಹಿತ್ತಲಿನ ಕೊಟ್ಟಿಗೆಯಲ್ಲಿ. ಟ್ರ್ಯಾಕ್ಟರ್ ಬಂದ ವರ್ಷ ಎತ್ತುಗಳನ್ನು ಮಾರಿದ್ದರು, ಮೇವಿನ ಗೋದಲಿ ಮಾತ್ರ ಹಾಗೆಯೇ ಉಳಿದಿತ್ತು. ಸಾವಕಾರರ ತಾಯಿ ಕಸ್ತೂರಿಬಾಯಿ ಕೊಟ್ಟಿಗೆಯ ಎದುರಿನ ಕಟ್ಟೆಯ ಮೇಲೆ ಕೂತು, ಮೊದಲು ಎತ್ತುಗಳನ್ನು ನೋಡುತ್ತಿದ್ದ ಹಾಗೆಯೇ ಇದನ್ನೆಲ್ಲ ನೋಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ.

ಎಂಬತ್ತೇಳರ ಕಾರ ಹುಣ್ಣಿಮೆಗೆ ಮಾಳಿಂಗಪ್ಪ ರಜೆ ಕೇಳಿ ಅತನೂರಿಗೆ ಹೋದ. ಅಣ್ಣನ ಮನೆಯಲ್ಲಿ ಎರಡು ಜೋಡಿ ಎತ್ತು. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕುಸುಬಿ ಎಣ್ಣೆಗೆ ಅರಿಸಿನ ಕಲೆಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಿ, ಸಂಜೆಗೆ ಊರಬಾಗಿಲಿಗೆ ಕಟ್ಟಿದ ಕರಿಯ ತೋರಣದ ಕಡೆ ಓಡಿಸಿ ಕರಿ ಹರಿದು, ಮರುದಿನ ಆಳಂದಕ್ಕೆ ಬಂದ. ಗಾಡಿ ನಿಂತಲ್ಲೇ ಇತ್ತು. ಬಾನೆಟ್ಟಿನ ಮೇಲೆ ಕುಂಕುಮದ ಐದು ಬೆರಳಿನ ಗುರುತಿತ್ತು. ಹಬ್ಬದ ಮನೆ ಎಂದುಕೊಂಡು ಒರೆಸಿ ತೆಗೆದ.

ನಾಲ್ಕೈದು ದಿನ ಕಳೆದ ಮೇಲೆ ಸಾವಕಾರರನ್ನು ಕೂರಿಸಿಕೊಂಡು ಅಫಜಲಪುರಕ್ಕೆ ಹೊರಟಾಗ ಗಾಡಿ ಯಾಕೋ ಭಾರವೆನಿಸಿತು. ಇಳಿಜಾರಿನಲ್ಲಿ ಬಿಟ್ಟರೆ ಹರಿಯಬೇಕಾದದ್ದು ಹರಿಯಲಿಲ್ಲ. ಎರಡನೇ ಗೇರಿನಲ್ಲೂ ತೇಕುತ್ತಿತ್ತು. ಬ್ರೇಕಿನ ಪೆಡಲು ಕಾಲಿಗೆ ಕಲ್ಲಿನಂತೆ ಗಟ್ಟಿ. ಸ್ವಲ್ಪ ಹೊತ್ತಿಗೆ ಕೊಂಬು ಸುಟ್ಟಂಥ ವಾಸನೆ ಬಂತು. ಹಿಂದಿನ ಸೀಟಿನಿಂದ ಸಾವಕಾರರು, ಬ್ರೇಕಿನ ಮೇಲಿನಿಂದ ಕಾಲು ತೆಗಿ ಎಂದರು. ಕಾಲು ಇಟ್ಟೇ ಇಲ್ಲ ಎಂದ ಮಾಳಿಂಗಪ್ಪ.

"ಹಂಗಾರ ಗಾಡಿ ತನಗ ತಾನ ಹೆದರಾಕತ್ತಾದೇನು?" ಎಂದರು ಸಾವಕಾರರು.

ಬೇವಿನ ಮರದ ಕೆಳಗೆ ನಿಲ್ಲಿಸಿ ಕೆಳಗಿಳಿದು ನೋಡಿದರೆ ನಾಲ್ಕೂ ಡ್ರಮ್ಮುಗಳು ರೊಟ್ಟಿ ಬೇಯುವಷ್ಟು ಕಾದಿದ್ದವು. ಆರುವ ತನಕ ಇಬ್ಬರೂ ಮರದ ಕೆಳಗೆ ಕೂತರು. ಆರಿದ ಮೇಲೆ ಗಾಡಿ ಏನೂ ಆಗದಂತೆ ಹೊರಟಿತು. ಅಫಜಲಪುರ ಮುಟ್ಟುವುದರೊಳಗೆ ಮತ್ತೆ ಹಿಡಿಯಿತು. ಮರುದಿನ ಮಾಳಿಂಗಪ್ಪ ಗಾಲಿ ಬಿಚ್ಚಿ, ಬ್ರೇಕು ಬಿಗಿಯಾಗಿರಬೇಕೆಂದು ಸಡಿಲ ಮಾಡಿದ. ಎರಡು ದಿನ ಸುಮ್ಮನಿದ್ದ ಗಾಡಿ ಸಂತೆಯ ದಿನ ಬಸ್ ಸ್ಟ್ಯಾಂಡಿನ ಎದುರಿಗೇ ನಿಂತುಬಿಟ್ಟಿತು. ಎಂಜಿನು ಓಡುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಮಂದಿ ಬಂದು ದೂಡಿದರು. ಗೇರಿನಿಂದ ತೆಗೆದರೂ ಅದು ಕದಲಲಿಲ್ಲ. ಬಾಡಿಗೆ ಗಾಡಿಯ ಖುರ್ಷಿದ ಬೀಡಿ ಸೇದುತ್ತ ನೋಡುತ್ತಿದ್ದ.

"ಕಾಕಾ, ಕಣ್ಣಿ ಬಿಚ್ಚೀರೇನು? ಕಟ್ಟಿಹಾಕಿದ್ದ ಹಂಗೇ ಅದೇನೋ ನೋಡ್ರಿ," ಎಂದ.

ಸಂತೆಗೆ ಬಂದವರೆಲ್ಲ ನಕ್ಕರು. ಮಾಳಿಂಗಪ್ಪ ಬಗ್ಗಿ ನೋಡಿದ. ಖುರ್ಷಿದನ ಮಾತಿಗೆ ಅಲ್ಲ, ಇನ್ನು ಯಾವುದನ್ನೂ ನೋಡದೆ ಬಿಡಬಾರದೆಂದು.

ಆ ಸಂಜೆ ಸಾವಕಾರರು ಅವನನ್ನು ಕರೆದರು. ಅವರ ಮಗಳು ಗೌರಾಬಾಯಿಯನ್ನು ಯಡ್ರಾಮಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರು. ಅತ್ತೆ ಮನೆಯಲ್ಲಿ ಸೀಮಂತದ ಕುಬಸ ಮುಗಿಸಿ ಆಷಾಢ ಹತ್ತುವ ಮೊದಲೇ ತವರಿಗೆ ಕರೆತರಬೇಕು, ಅಂದರೆ ಈ ಅಮಾವಾಸ್ಯೆಯೊಳಗೆ. ಆಳಂದದಿಂದ ಗುಲ್ಬರ್ಗ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಯಡ್ರಾಮಿ. ಬಸುರಿಯನ್ನು ಕೂರಿಸಿಕೊಂಡು ನಡುದಾರಿಯಲ್ಲಿ ಬೇವಿನ ಮರ ಹುಡುಕಲು ಆಗುವುದಿಲ್ಲ ಎಂದರು ಸಾವಕಾರರು. ಅಷ್ಟರೊಳಗೆ ಗಾಡಿ ಸರಿಯಾಗದಿದ್ದರೆ ಖುರ್ಷಿದ ಹೋಗುತ್ತಾನೆ, ಮುಂದೆಯೂ ಅವನೇ ನಡೆಸುತ್ತಾನೆ. ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ.

"ನಿನಗೂ ವಯಸ್ಸಾತು, ಮಾಳಿಂಗಪ್ಪ. ಕಾಲು ಎಲ್ಲಿ ಕುಂತದಂತ ಕಾಲಿಗೇ ಗೊತ್ತಾಗವಲ್ದು. ನೀ ನಮ್ಮ ಮನಿಯಾಂವ, ನಿನ್ನ ಬಿಡಾಂಗಿಲ್ಲ. ಗಾಣದ ಬಾಗಲದಾಗ ಸ್ಟೂಲ್ ಹಾಕಸ್ತೇನಿ. ಕುಂತು ಬಂದು ಹೋಗೋರನ್ನ ನೋಡು."

ಸ್ಟೂಲು ಆಗಲೇ ಬಂದಿತ್ತು. ಹಿಂತಿರುಗುವಾಗ ಗಾಣದ ಬಾಗಿಲಲ್ಲಿ ಅದನ್ನು ಕಂಡ. ಹೊಸದು, ಮೇಲೆ ಹಸಿರು ಬಣ್ಣ.

ಮನೆಯಲ್ಲಿ ಮಾಳಿಂಗಪ್ಪ ಗೋಡೆಗೆ ಒರಗಿ ಕೂತು ಬಲಗಾಲನ್ನು ಎತ್ತಿ ನೆಲಕ್ಕೆ ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಬಿಟ್ಟದ್ದು ನಿಜವಾಗಿಯೂ ಬಿಟ್ಟಿದೆಯೇ ಎಂದು ಹಿಮ್ಮಡಿಯ ಕೆಳಗೆ ಬೆರಳು ತೂರಿಸಿ ನೋಡಿದ. ಇಷ್ಟು ವರ್ಷ ಈ ಕಾಲು ಹೇಳಿದ್ದನ್ನು ಅವನು ನಂಬಿದ್ದ. ಕಾಲಿನ ಮಾತೇ ಸುಳ್ಳಾದರೆ ಅದನ್ನು ಇನ್ಯಾವುದರಿಂದ ಪರೀಕ್ಷಿಸಬೇಕೋ ತಿಳಿಯಲಿಲ್ಲ. ನಿಂಬೆವ್ವ ನೋಯುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದ. ನೋವಿಲ್ಲದ ಕಾಲಿಗೆ ಏನು ಮಾಡುವುದೆಂದು ಅವಳಿಗೂ ತೋಚಲಿಲ್ಲ. ಔಡಲೆಣ್ಣೆ ಬಿಸಿ ಮಾಡಿ ತಿಕ್ಕಿದಳು. "ಅದು ಇಲ್ಲೇ ಅದ, ಎಲ್ಲೂ ಹೋಗಿಲ್ಲ," ಎಂದಳು.

ಬೆಳಿಗ್ಗೆ ಗಾಡಿ ಆರಿದ್ದಾಗ ನಿಧಾನವಾಗಿ ನಡೆಸಿಕೊಂಡು ಪೀರಸಾಬನ ಶೆಡ್ಡಿಗೆ ಹೋದ. ಪೀರಸಾಬ ಬಸ್ ಸ್ಟ್ಯಾಂಡಿನ ಹಿಂದೆ ಬ್ರೇಕು ಕ್ಲಚ್ಚುಗಳ ಕೆಲಸ ಮಾಡುವವನು. ಮಾತು ಕಡಿಮೆ, ಎಲೆ ಅಡಿಕೆ ಹೆಚ್ಚು. ಜಾಕ್ ಕೊಟ್ಟು ಮುಂದಿನ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದ. ತಿರುಗಲಿಲ್ಲ. ಇನ್ನೊಂದನ್ನು ಎತ್ತಿದ, ಅದೂ ಹಾಗೆಯೇ. ಹಿಂದಿನವೂ ಹಾಗೆಯೇ. ಒಂದು ಗಾಲಿ ಹಿಡಿದರೆ ಆ ಗಾಲಿಯ ಮನೆಯೊಳಗಿನ ಜಗಳ, ನಾಲ್ಕೂ ಒಟ್ಟಿಗೆ ಹಿಡಿದರೆ ಮೇಲಿನಿಂದಲೇ ಹುಕುಂ ಬಂದಿದೆ ಎಂದ ಪೀರಸಾಬ. ಡ್ರಮ್ಮಿನ ಹಿಂದಿದ್ದ ಸಣ್ಣ ನಿಪ್ಪಲ್ಲಿಗೆ ಪಾನಾ ಹಾಕಿ ಅರ್ಧ ತಿರುವು ಸಡಿಲಿಸಿದ. ಬ್ರೇಕ್ ಆಯಿಲ್ ಪಿಚಕಾರಿಯಂತೆ ಹಾರಿ ಅವನ ಅಂಗಿಯ ಮೇಲೆ ಬಿತ್ತು. ಆ ಕ್ಷಣಕ್ಕೆ ಗಾಲಿ ಬಿಟ್ಟುಕೊಂಡು ಗಿರ್ರನೆ ತಿರುಗಿತು.

ಪೆಡಲು ಒತ್ತಿದಾಗ ಹೋದ ಒತ್ತಡ ಹಿಂದಿರುಗದೆ ಪೈಪಿನಲ್ಲೇ ಕೂತಿತ್ತು. ಅದನ್ನು ಯಾರೂ ಒತ್ತಿ ಹಿಡಿದಿರಲಿಲ್ಲ. ಡ್ರೈವರನ ಸೀಟು ಖಾಲಿ ಇತ್ತು. ಮಾಳಿಂಗಪ್ಪ ಗಾಡಿಯಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ನಿಂತಿದ್ದ.

"ಪೀರಸಾಬ, ನನ್ನ ಕಾಲು ಇಲ್ಲೇ ಅದ, ನೋಡು," ಎಂದ.

ಪೀರಸಾಬ ಅಂಗಿ ಒರೆಸಿಕೊಳ್ಳುತ್ತ ನೋಡಿದ. "ನೋಡ್ದೆ. ಎರಡೂ ಅವ."

ಅಷ್ಟು ಸಾಕಾಗಿತ್ತು ಮಾಳಿಂಗಪ್ಪನಿಗೆ. ಗಾಡಿಯ ರೋಗ ಇನ್ನೂ ತಿಳಿದಿರಲಿಲ್ಲ. ಆದರೂ ಅವನು ಚಹಾ ತರಿಸಿದ.

ಬಾನೆಟ್ ಎತ್ತಿ ಡಬ್ಬಿಯ ಮುಚ್ಚಳ ತೆಗೆದಾಗ ಪೀರಸಾಬ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಡಬ್ಬಿ ಅಂಚಿನ ತನಕ ತುಂಬಿತ್ತು. ಮೇಲೆ ಎಣ್ಣೆ ತೇಲುತ್ತಿತ್ತು. ಬೆರಳದ್ದಿ ತಳ ಕೆರೆದರೆ ಉಗುರಿನ ಸಂದಿಗೆ ಹಳದಿ ಗಸಿ ಬಂತು. ಪೀರಸಾಬ ಬೆರಳನ್ನು ಮೂಸಿ ಮಾಳಿಂಗಪ್ಪನ ಮೂಗಿನ ಹತ್ತಿರ ಹಿಡಿದ.

"ಹಳದಿ ಅದಲ್ಲೋ ಮಾಳಿಂಗಣ್ಣ. ಒಗ್ಗರಣಿ ಕೊಟ್ಟೀಯೇನು ಗಾಡಿಗಿ?"

ಮಾಳಿಂಗಪ್ಪ ಮೂಸಿ ನೋಡಬೇಕಾಗಿರಲಿಲ್ಲ. ಹತ್ತು ದಿನದ ಹಿಂದೆ ಅಣ್ಣನ ಎತ್ತುಗಳ ಬಾಯಿ ಹಿಡಿದು ಕುಡಿಸುವಾಗ ಇದೇ ವಾಸನೆ ಅವನ ಮೊಣಕೈ ತನಕ ಇಳಿದಿತ್ತು. ಕುಸುಬಿ ಎಣ್ಣೆ, ಅರಿಸಿನ, ಒಂಚೂರು ಬೆಲ್ಲ. ಬಾನೆಟ್ಟಿನ ಮೇಲೆ ಒರೆಸಿ ತೆಗೆದ ಕುಂಕುಮದ ಐದು ಬೆರಳು ಯಾರವೆಂದು ಈಗ ತಿಳಿಯಿತು. ಯಾರು ಹಾಕಿದ್ದು ಎಂದು ಪೀರಸಾಬ ಕೇಳಿದ. ಮನೆಯ ಹಿರಿಯರು ಎಂದ. ಹಾಗಾದರೆ ನಾನು ಏನೂ ನೋಡಿಲ್ಲ ಎಂದು ಪೀರಸಾಬ ಮತ್ತೆ ಅಗಿಯತೊಡಗಿದ.

ಮಾಸ್ಟರ್ ಸಿಲಿಂಡರನ್ನು ಬಿಚ್ಚಿದರೆ ಒಳಗಿನ ರಬ್ಬರ್ ವಾಷರುಗಳು ನೆನೆಹಾಕಿದ ಕಡಲೆಯಂತೆ ಊದಿಕೊಂಡಿದ್ದವು. ಕಾಲು ಬಿಟ್ಟಾಗ ಆಯಿಲ್ ತಿರುಗಿ ಡಬ್ಬಿಗೆ ಬರಲು ಒಂದು ಸೂಜಿತೂತು ಇರುತ್ತದೆ. ಊದಿದ ರಬ್ಬರು ಅದರ ಮೇಲೆ ಕೂತುಬಿಟ್ಟಿತ್ತು. ಬ್ರೇಕಿನ ರಬ್ಬರಿಗೆ ಅದರದೇ ಆಯಿಲ್ ಬೇಕು, ಬೇರೆ ಯಾವ ಎಣ್ಣೆ ಸೋಕಿದರೂ ಅದು ಮೈಬಿಡುತ್ತದೆ. ಎಣ್ಣೆ ಹೋದಲ್ಲೆಲ್ಲ ರಬ್ಬರ್ ಬದಲಾಯಿಸಲೇಬೇಕು, ನಾಲ್ಕು ಗಾಲಿಗಳಲ್ಲೂ, ಗಾಲಿಗೆ ಹೋಗುವ ಮೆತ್ತನೆಯ ಪೈಪುಗಳೂ ಸೇರಿ. ಇದ್ದದ್ದನ್ನು ತೊಳೆದು ಹಾಕಿದರೆ ಇಂದು ಹಿಡಿದಿರುವ ಗಾಡಿ ನಾಳೆ ಹಿಡಿಯದೆಯೇ ಹೋದೀತು ಎಂದ ಪೀರಸಾಬ. ಸಾಮಾನು ಗುಲ್ಬರ್ಗದಿಂದ ಬರಬೇಕಿತ್ತು. ಮಾಳಿಂಗಪ್ಪ ಬಸ್ಸು ಹತ್ತಿ ಹೋಗಿ ತಂದ. ಪೈಪುಗಳನ್ನು ಹೊಸ ಬ್ರೇಕ್ ಆಯಿಲಿನಿಂದಲೇ ತೊಳೆದರು. ಎಲ್ಲ ಕೂರಿಸಿದ ಮೇಲೆ ಪೈಪಿನೊಳಗೆ ಸಿಕ್ಕ ಗಾಳಿ ತೆಗೆಯಲು ಮಾಳಿಂಗಪ್ಪ ಒಳಗೆ ಕೂತ. ಪೀರಸಾಬ ಗಾಲಿಯ ಹತ್ತಿರ ಮಲಗಿ, ಒತ್ತು, ಹಿಡಿ, ಬಿಡು ಎನ್ನುತ್ತಿದ್ದ. ಬಿಡು ಎಂದಾಗಲೆಲ್ಲ ಮಾಳಿಂಗಪ್ಪ ಕಾಲನ್ನು ಅಗತ್ಯಕ್ಕಿಂತ ಹೆಚ್ಚು ಮೇಲೆತ್ತುತ್ತಿದ್ದ.

ಊದಿದ ವಾಷರನ್ನೂ ಅದೇ ಅಳತೆಯ ಹೊಸದೊಂದನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಗಾಡಿಯನ್ನು ಸಾವಕಾರರ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಸಾವಕಾರರು ಹಿತ್ತಲಲ್ಲಿದ್ದರು. ಕಸ್ತೂರಿಬಾಯಿ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಾಳಿಂಗಪ್ಪ ಎರಡನ್ನೂ ಅಂಗೈ ಮೇಲಿಟ್ಟು ತೋರಿಸಿದ. ಡಬ್ಬಿಯಲ್ಲಿ ಕುಸುಬಿ ಎಣ್ಣೆ ಬಿದ್ದಿತ್ತು ಎಂದ. ಯಾರು ಹಾಕಿದ್ದು ಎಂದು ಸಾವಕಾರರು ಕೇಳಿದರು. ಅವನು ವಾಷರನ್ನು ನೋಡುತ್ತ ನಿಂತ.

"ಹಾಕಿಲ್ಲ. ಕುಡಿಸೇನಿ," ಎಂದಳು ಕಸ್ತೂರಿಬಾಯಿ, ಬೀಜ ಬಿಡಿಸುವುದನ್ನು ನಿಲ್ಲಿಸದೆ. "ವರ್ಷಾನುಗಟ್ಟಲೆ ಈ ಮನಿ ಮಂದೀನ ಹೊತ್ತು ತಿರಗತಾದ. ಹುಣ್ಣಿಮಿ ದಿನ ಉಪಾಸ ಕೆಡವಲೇನು? ನಡಸಾಂವ ಅತನೂರಿಗಿ ಹೋಗಿ ಅಣ್ಣನ ಎತ್ತಿಗಿ ಕುಡಿಸಿ ಬಂದ. ನಮ್ಮದನ್ನ ಯಾರು ನೋಡಬೇಕು? ಅದರ ಬಾಯಿ ಎಲ್ಲದಂತ ನಾ ಅಮಾಸಿಗೊಮ್ಮೆ ನೋಡೇನಲ್ಲ."

ಸಾವಕಾರರು ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಆ ಮನೆಯಲ್ಲಿ ತಾಯಿ ತಪ್ಪು ಮಾಡಿದ್ದಾಳೆಂಬ ಮಾತು ಈವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಎಣ್ಣೆಯದು ತಪ್ಪು ಎನ್ನೋಣವೆಂದರೆ ಅದು ಅವರದೇ ಗಾಣದ್ದು. ಗಾಣದ ಗೋಡೆಯ ಮೇಲೆ, ಗಡಿಯಾಚೆಯ ಮರಾಠಿಯವರಿಗೂ ತಿಳಿಯಲೆಂದು ಎರಡು ಭಾಷೆಯಲ್ಲಿ, ಶುದ್ಧ ಎಂದು ಬರೆಸಿದ್ದರು. ಈ ಎಣ್ಣೆ ಊದಿಸುತ್ತದೆ ಎಂದು ಮಾಲಕರೇ ಹೇಳಲಾಗದು. ತಾಯಿ, ಎಣ್ಣೆ ಎರಡನ್ನೂ ಬಿಟ್ಟರೆ ಉಳಿಯುವವನು ಮಾಳಿಂಗಪ್ಪ. ಸಾವಕಾರರು ಅವನನ್ನೇ ನೋಡಿದರು.

ಮಾಳಿಂಗಪ್ಪನಿಗೆ ಹಸಿರು ಸ್ಟೂಲು ನೆನಪಾಯಿತು. ಅವನು ಕಟ್ಟೆಯ ಹತ್ತಿರ ಹೋಗಿ ಕಸ್ತೂರಿಬಾಯಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಅವ್ವಾರ, ತಪ್ಪು ನಿಮ್ಮದೂ ಅಲ್ರಿ, ಎಣ್ಣಿದೂ ಅಲ್ರಿ. ಅದು ಬಾಯಿ ಅಲ್ರಿ."

"ಮತ್ತೇನದು?"

"ಕಾಲಿನ ನರ ಇದ್ದಂಗ್ರಿ. ಒತ್ತಿದ್ದು ಗಾಲಿಗಿ ಹೋಗಬೇಕು, ಬಿಟ್ಟಿದ್ದು ತಿರುಗಿ ಬರಬೇಕು. ಎಣ್ಣಿ ಸೇರಿ ನರ ಬಾತಾವ. ಹಿಡದದ್ದು ಬಿಡವಲ್ವು."

ಕಸ್ತೂರಿಬಾಯಿಯ ಕೈ ನಿಂತಿತು. ಚಳಿಗಾಲದಲ್ಲಿ ಅವಳ ಮೊಣಕಾಲೂ ಹಾಗೆಯೇ, ಮಡಚಿದರೆ ಚಾಚಲು ಬರುತ್ತಿರಲಿಲ್ಲ. ಅವಳು ಗಾಡಿಯ ಕಡೆ, ಅದು ಇಷ್ಟು ದಿನ ಸುಮ್ಮನೆ ನೋವುಂಡಿತೆಂಬಂತೆ, ನೋಡಿದಳು. ಆಮೇಲೆ ಕೇಳಬಾರದ್ದನ್ನು ಕೇಳಿದಳು.

"ಹಂಗಾರ ಬಾಯಿ ಎಲ್ಲದ?"

ಮಾಳಿಂಗಪ್ಪ ಗಾಡಿಯನ್ನು ಮುಂದಿನಿಂದ ಹಿಂದಿನ ತನಕ ಮನಸ್ಸಿನಲ್ಲೇ ಸುತ್ತಿದ. ಎಂಜಿನು ಬೇಡ, ರೇಡಿಯೇಟರು ಬೇಡ, ಪೆಟ್ರೋಲ್ ಟಾಕಿ ಬೇಡವೇ ಬೇಡ. ಮುಂದಿನ ಕಾರ ಹುಣ್ಣಿಮೆಗೂ ಅವಳು ಗೊಟ್ಟ ಹಿಡಿದು ಬರುವುದು ಖಂಡಿತವಿತ್ತು.

"ಬಾಗಲದ ಬಿಜಾಗರಿನಾಗ ಅದರಿ," ಎಂದ.

"ನಾಕು ಬಾಗಲ ಅವ."

"ನಾಕೂ ಬಾಯೇರಿ."

"ಅದಕ್ಕ ನಾ ಕುಡಿಸಿದ್ದು ಸಾಲದ ಬಿದ್ದದ," ಎಂದಳು ಕಸ್ತೂರಿಬಾಯಿ. ಮತ್ತೆ ಬೀಜ ಬಿಡಿಸತೊಡಗಿದಳು.

ಸಾವಕಾರರಿಗೆ ಜೀವ ಹಗುರಾಯಿತು. ತಪ್ಪು ಯಾರದೆಂಬುದೂ ಅವರಿಗೆ ಆಗ ಹೊಳೆಯಿತು. ತಪ್ಪು ಬಾನೆಟ್ಟಿನದು, ಅದಕ್ಕೆ ಕೀಲಿ ಇರಲಿಲ್ಲ. ಮರುದಿನವೇ ಒಂದು ಕೊಂಡಿ ಬೆಸೆಸಿ ಕೀಲಿ ಹಾಕಿಸಿದರು. ಆ ಮನೆಯಲ್ಲಿ ಯಾವ ಕೀಲಿಕೈಯಾದರೂ ಹಿರಿಯರ ಸೊಂಟದಲ್ಲೇ ಇರುವ ಪದ್ಧತಿ. ಬಾನೆಟ್ಟಿನ ಕೀಲಿಕೈಯೂ ಕಸ್ತೂರಿಬಾಯಿಯ ಸೊಂಟಕ್ಕೆ ಹೋಯಿತು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ.

ಆದರೆ ಸಾವಕಾರರು ವ್ಯಾಪಾರಸ್ಥರು, ಮಾದರಿ ನೋಡದೆ ಮಾಲು ಒಪ್ಪುವವರಲ್ಲ. ಎಣ್ಣೆಯೂ ಇದ್ದೀತು, ಕಾಲೂ ಇದ್ದೀತು ಎಂದರು. ಯಡ್ರಾಮಿಗೆ ಮಾಳಿಂಗಪ್ಪನೇ ಹೋಗಲಿ, ಮುಂದಿನ ಸೀಟಿನಲ್ಲಿ ತಾಯಿ ಕೂತು ಅವನ ಕಾಲನ್ನು ನೋಡಲಿ. ಅವಳು ಸರಿ ಎಂದರೆ ಸರಿ. ಇಲ್ಲವೆಂದರೆ ಖುರ್ಷಿದನಿಗೆ ಹೇಳಿಕಳಿಸುವುದು. ಕಸ್ತೂರಿಬಾಯಿ ಒಪ್ಪಿದಳು. ಮೊಮ್ಮಗಳನ್ನು ಕರೆತರಲು ಹೇಗೂ ಹೋಗಬೇಕೆಂದಿದ್ದಳು.

ಹೊರಟ ದಿನ ಅವಳು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಕೂತು, ಸೆರಗು ಹೊದ್ದು, ಮಾಳಿಂಗಪ್ಪನ ಬಲಗಾಲಿನ ಮೇಲೆ ಕಣ್ಣಿಟ್ಟಳು. ಗುಲ್ಬರ್ಗ ಬಂತು. ಕಣ್ಣು ತೆಗೆಯಲಿಲ್ಲ. ಜೇವರ್ಗಿಯ ದಾರಿಯಲ್ಲಿ ಭೀಮಾ ಸೇತುವೆಯ ಮೇಲೆ ಹೋಗುವಾಗ ಹೊಳೆಗೆ ಕೈ ಮುಗಿದಳು, ಕಾಲನ್ನು ನೋಡುತ್ತಲೇ. ಯಾರಾದರೂ ನೋಡುತ್ತಿದ್ದರೆ ಕಾಲು ಎಷ್ಟು ಭಾರವಾಗುತ್ತದೆಂದು ಮಾಳಿಂಗಪ್ಪನಿಗೆ ಆವತ್ತು ತಿಳಿಯಿತು. ಬ್ರೇಕು ಒತ್ತುವಾಗ ಭಯವಿರಲಿಲ್ಲ. ಬಿಡುವಾಗ, ಪ್ರತಿಸಲವೂ, ಬಿಟ್ಟಿತೇ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಯಡ್ರಾಮಿಯಲ್ಲಿ ಕುಬಸ ಮುಗಿಯಿತು. ಮರುದಿನ ಬೆಳಿಗ್ಗೆ ಗೌರಾಬಾಯಿ ಹಸಿರು ಸೀರೆಯಲ್ಲಿ, ಉಡಿ ತುಂಬಿಕೊಂಡು, ಹಿಂದಿನ ಸೀಟಿನಲ್ಲಿ ಕೂತಳು. ಅತ್ತೆ ಮನೆಯವರು ಕೊಟ್ಟ ದಿಂಬು, ಹೋಳಿಗೆಯ ಡಬ್ಬಿ ಅವಳ ಪಕ್ಕದಲ್ಲಿ. ಜೇವರ್ಗಿ ದಾಟುವ ಮೊದಲೇ ದಿಂಬಿಗೆ ಒರಗಿ ನಿದ್ದೆ ಹೋದಳು. ಮೋಡ ಕಟ್ಟಿತ್ತು. ದಾರಿಯ ಎರಡೂ ಬದಿಗೆ ಹರಗಿದ ಕಪ್ಪು ಹೊಲಗಳು ಬಿತ್ತನೆಗೆ ಕಾದು ಮಲಗಿದ್ದವು.

ಗುಲ್ಬರ್ಗ ದಾಟಿ ಆಳಂದದ ರಸ್ತೆಯ ಒಂದು ಇಳಿಜಾರಿನಲ್ಲಿ ಪಂಢರಪುರಕ್ಕೆ ಹೊರಟ ದಿಂಡಿ ಎದುರಾಯಿತು. ಬಾವಿಯ ಹತ್ತಿರ ಊಟಕ್ಕೆ ನಿಂತಿದ್ದವರು ಹೊಲದ ದಾರಿಯಿಂದ ರಸ್ತೆಗೆ ಏರುತ್ತಿದ್ದರು. ತಾಳ, ಕೇಸರಿ ಬಾವುಟ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು. ಯಾರಿಗೂ ಅವಸರವಿರಲಿಲ್ಲ. ಮಾಳಿಂಗಪ್ಪ ದೂರದಿಂದಲೇ ಒತ್ತಿದ, ಮೆಲ್ಲಗೆ, ಇನ್ನಷ್ಟು ಮೆಲ್ಲಗೆ. ಗಾಡಿ ಇಳಿಜಾರಿನ ನಡುವೆ ತಲೆ ತಗ್ಗಿಸಿ ನಿಂತಿತು. ಹೋಳಿಗೆಯ ಡಬ್ಬಿ ಸರಿಯಲಿಲ್ಲ. ಅವನು ಗೇರಿನಿಂದ ತೆಗೆದು, ಎಂಜಿನು ನಿಲ್ಲಿಸಿ ಕಾಲನ್ನು ಒತ್ತಿಯೇ ಹಿಡಿದ. ದಿಂಡಿ ಸಾಗುತ್ತಿತ್ತು. ತಾಳದ ಸದ್ದು ಕಿಟಕಿಯ ಗಾಜಿಗೆ ಬಡಿದು ಹೋಗುತ್ತಿತ್ತು. ಕಸ್ತೂರಿಬಾಯಿ ಕಾಲನ್ನು ನೋಡುತ್ತಿದ್ದಳು.

ಕೊನೆಯ ಮುದುಕ ರಸ್ತೆಯ ಬದಿಗೆ ಸರಿದ. ಮಾಳಿಂಗಪ್ಪ ಕಾಲೆತ್ತಿದ.

ಗಾಡಿ ಕದಲಲಿಲ್ಲ. ಅವನ ಪಾದ ಪೆಡಲಿನಿಂದ ನಾಲ್ಕು ಬೆರಳು ಮೇಲೆ ಗಾಳಿಯಲ್ಲಿತ್ತು. ಅದನ್ನು ಅವಳೂ ನೋಡಿದಳು, ಅವನೂ ನೋಡಿದ. ಆಮೇಲೆ, ಏನನ್ನೋ ಯೋಚಿಸಿ ಒಪ್ಪಿದಂತೆ, ಗಾಲಿಗಳು ತಮ್ಮಷ್ಟಕ್ಕೆ ತಾವೇ ಒಂದು ಗೇಣು ಹೊರಳಿದವು, ಮತ್ತೊಂದು ಗೇಣು, ಆಮೇಲೆ ಸದ್ದಿಲ್ಲದೆ ಇಳಿಜಾರಿನಲ್ಲಿ ಹರಿಯತೊಡಗಿದವು. ಗೌರಾಬಾಯಿಗೆ ಎಚ್ಚರವಾಗಲಿಲ್ಲ. ಮಾಳಿಂಗಪ್ಪ ಇಳಿಜಾರು ಮುಗಿಯುವ ತನಕ ಎಂಜಿನು ಹಚ್ಚಲಿಲ್ಲ.

ಕಸ್ತೂರಿಬಾಯಿ ಕಣ್ಣುಜ್ಜಿಕೊಂಡಳು. ಯಡ್ರಾಮಿಯಿಂದ ಅಷ್ಟು ದೂರ ಒಂದೇ ಕಾಲನ್ನು ನೋಡಿ ಅವಳಿಗೆ ಸಾಕಾಗಿತ್ತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಬಾಗಿಲಿಗೆ ಒರಗಿದಳು.

"ನಾ ಜರಾ ಮಲಗ್ತೇನಿ," ಎಂದಳು ಸೆರಗಿನೊಳಗಿಂದ. "ಗುರಣ್ಣ ಕೇಳಿದ್ರ, ಮನಿ ಮುಟ್ಟೂತನಕ ನೋಡಿದ್ಲು ಅಂತ ಹೇಳು."